ಮಳೆನೀರಿಗೆ ಅಂಗಳದಲ್ಲೊಂದು ಗಂಟೆ

ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಲ್ಲುವ ನೀರು ಕೊಟ್ಟಾರ ಚೌಕಿಯದ್ದಲ್ಲ. ದೇರೆಬೈಲು, ಕೊಂಚಾಡಿ, ಬಿಜೈ ಕಡೆಯ ಎತ್ತರದ ಜಾಗಗಳಲ್ಲಿ ಸ್ವಲ್ಪ ಹೊತ್ತಿನ ಮೊದಲು ಯಾರದೋ ತಾರಸಿಯ ಮೇಲೆ, ಯಾರದೋ ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಸುರಿದ ಮಳೆ ಅದು. ಪೈಪಿನಲ್ಲಿ ಇಳಿದು, ಗೇಟಿನಡಿ ನುಸುಳಿ, ಕಾಂಕ್ರೀಟ್ ರಸ್ತೆ ಹಿಡಿದು, ನೋಡನೋಡುತ್ತಿದ್ದಂತೆ ತಗ್ಗಿಗೆ ಬಂದು ಸೇರುತ್ತದೆ. ಪಂಪ್‌ವೆಲ್ ಮೇಲ್ಸೇತುವೆಯ ಅಡಿಯಲ್ಲಿ, ಪಡೀಲಿನ ರೈಲ್ವೆ ಕೆಳಸೇತುವೆಯಲ್ಲಿ ಮಡುಗಟ್ಟುವ ನೀರಿಗೂ ಹೀಗೆ ಬೇರೆ ಊರು, ಬೇರೆ ಮನೆಗಳಿವೆ. ಪತ್ರಿಕೆಯಲ್ಲಿ ಫೋಟೊ ಬರುವುದು ಮಾತ್ರ ನೀರು ನಿಂತ ಜಾಗದ್ದು.

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ರಾಜಕಾಲುವೆಯ ಹೂಳಿನ ಮಾತು ಶುರು. ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೆಗೆದದ್ದನ್ನು ದಂಡೆಯಲ್ಲೇ ರಾಶಿ ಹಾಕಿ ಬಿಟ್ಟರೆ ಮೊದಲ ದೊಡ್ಡ ಮಳೆಗೇ ಅದು ಮರಳಿ ಕಾಲುವೆಗೆ ಬೀಳುತ್ತದೆ ಎಂಬುದನ್ನೂ ಪ್ರತಿ ವರ್ಷ ಹೇಳಬೇಕಾಗಿದೆ. ಆದರೆ ಕಾಲುವೆಯನ್ನು ಎಷ್ಟು ಅಗಲಿಸಿದರೂ ಸಾಲದೆಂಬ ಸ್ಥಿತಿಗೆ ನಗರ ಬಂದಿರುವಾಗ ಲೆಕ್ಕವನ್ನು ಇನ್ನೊಂದು ತುದಿಯಿಂದ, ನಮ್ಮ ನಮ್ಮ ಗೇಟಿನಿಂದ ಶುರು ಮಾಡಬೇಕು. ಒಂದು ಮನೆಯ ಜಾಗದಲ್ಲಿ ಬಿದ್ದ ಮಳೆಯನ್ನು ಆ ಜಾಗ ಒಂದು ಗಂಟೆಯಷ್ಟಾದರೂ ತನ್ನಲ್ಲಿ ಇಟ್ಟುಕೊಂಡರೆ ಕೆಳಗಿನವರ ಮನೆಯೊಳಗೆ ನೀರು ಹೋಗುವುದು ಬಹುಮಟ್ಟಿಗೆ ತಪ್ಪುತ್ತದೆ.

2018ರ ಮೇ 29 ಮಂಗಳೂರಿನವರಿಗೆ ಮರೆಯುವ ದಿನವಲ್ಲ. ಕೇರಳಕ್ಕೆ ಮುಂಗಾರು ಕಾಲಿಟ್ಟಿತೆಂದು ಹವಾಮಾನ ಇಲಾಖೆ ಪ್ರಕಟಿಸಿದ ದಿನವೂ ಅದೇ. ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಕೊಟ್ಟಾರ, ಕುದ್ರೋಳಿ, ಅತ್ತಾವರ, ಪಂಪ್‌ವೆಲ್, ಪಡೀಲು ಎಲ್ಲೆಡೆ ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ಮಂಗಳೂರಿಗೆ ದೊಡ್ಡ ಮಳೆ ಹೊಸದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬರುವ ಊರಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಹಿಂದೆಯೂ ಹಾಗೆಯೇ ಸುರಿಯುತ್ತಿತ್ತು. ಬದಲಾದದ್ದು ನೀರು ಬೀಳುವ ನೆಲ.

ಹತ್ತು ಸೆಂಟ್ಸಿನ ಒಂದು ಜಾಗವನ್ನೇ ತೆಗೆದುಕೊಳ್ಳೋಣ. ಅದು ಸುಮಾರು 405 ಚದರ ಮೀಟರ್. ಗಂಟೆಗೆ 50 ಮಿ.ಮೀ. ಮಳೆ ಬಂದರೆ ಅಷ್ಟು ಜಾಗದಲ್ಲಿ ಬೀಳುವುದು 20 ಸಾವಿರ ಲೀಟರ್ ನೀರು. ಹೆಂಚಿನ ಮನೆ, ಮಣ್ಣಿನ ಅಂಗಳ, ನಾಲ್ಕು ತೆಂಗು, ಬಾಳೆಯ ಬುಡ, ದರಗು ಬಿದ್ದ ಹಿತ್ತಿಲು ಇದ್ದ ಕಾಲದಲ್ಲಿ ಆ ಗಂಟೆಯೊಳಗೆ ಹೊರಗೆ ಹರಿಯುತ್ತಿದ್ದದ್ದು ಅದರ ಮೂರನೇ ಒಂದು ಪಾಲು ಇದ್ದೀತು. ಅದೇ ಜಾಗದಲ್ಲಿ ಈಗ ಅರ್ಧ ತಾರಸಿ, ಉಳಿದರ್ಧ ಇಂಟರ್‌ಲಾಕ್. ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 18 ಸಾವಿರ ಲೀಟರ್, ರಸ್ತೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ 6 ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಮೂರು ಟ್ಯಾಂಕರ್ ನೀರನ್ನು ಒಂದೇ ಗಂಟೆಯಲ್ಲಿ ನೆರೆಯವರ ಕಡೆಗೆ ಸುರಿದ ಹಾಗೆ.

ಇದನ್ನು ಒಂದು ಚದರ ಕಿಲೋಮೀಟರಿಗೆ ಹಿಗ್ಗಿಸಿ. ಅದೇ ಮಳೆಗೆ ಸೆಕೆಂಡಿಗೆ ಸುಮಾರು 14 ಘನ ಮೀಟರ್ ನೀರು ಬೀಳುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಹರಿದರೆ ಹನ್ನೆರಡೂವರೆ ಘನ ಮೀಟರ್. ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೂ ಅದು ಹೊರುವುದು ಒಂಬತ್ತು ಘನ ಮೀಟರ್ ಮಾತ್ರ. ಹೂಳು, ಪ್ಲಾಸ್ಟಿಕ್ ಏನೂ ಇಲ್ಲದ ಶುದ್ಧ ಕಾಲುವೆಯ ಲೆಕ್ಕವಿದು. ಉಳಿದ ಮೂರೂವರೆ ಘನ ಮೀಟರ್ ಎಲ್ಲಿಗೆ ಹೋಗಬೇಕು? ಆ ಒಂದು ಚದರ ಕಿಲೋಮೀಟರಿನ ಮನೆಗಳೆಲ್ಲ ಸೇರಿ ಅರ್ಧದಷ್ಟು ನೀರನ್ನು ಸ್ವಲ್ಪ ಹೊತ್ತು ತಡೆಹಿಡಿದರೆ ಅದೇ ಕಾಲುವೆಯಲ್ಲಿ ಇನ್ನೂ ಜಾಗ ಉಳಿಯುತ್ತದೆ. ಬಿದ್ದ ಮಳೆ ಕಡಿಮೆಯಾಗಬೇಕಿಲ್ಲ, ಎಲ್ಲರ ನೀರೂ ಒಟ್ಟಿಗೇ ಬಂದು ತಲುಪದಿದ್ದರೆ ಸಾಕು.

ಹೀಗೆ ತಡೆಹಿಡಿಯುವ ಕೆಲಸವನ್ನು ಮೊದಲು ಗದ್ದೆಗಳು ಮಾಡುತ್ತಿದ್ದವು. ಮಂಗಳೂರು ಗುಡ್ಡೆ ಮತ್ತು ಬೈಲುಗಳ ಊರು. ಮೇಲೆ ಪದವು, ನಡುವೆ ಇಳಿಜಾರು, ಕೆಳಗೆ ಬೈಲು, ಬೈಲಿನ ನಡುವೆ ತೋಡು. ಬೈಲಿನ ಒಂದು ಎಕರೆ ಗದ್ದೆಯಲ್ಲಿ ಹುಣಿಯ (ಬದುವಿನ) ಒಳಗೆ ಅರ್ಧ ಅಡಿ ನೀರು ನಿಂತರೆ 6 ಲಕ್ಷ ಲೀಟರ್ ಆಯಿತು. ಅದು ಒಂದು ಗದ್ದೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿದು, ತೋಡು ಸೇರಿ, ಉತ್ತರದಲ್ಲಿ ಗುರುಪುರ ನದಿಗೋ ದಕ್ಷಿಣದಲ್ಲಿ ನೇತ್ರಾವತಿಗೋ ಹೋಗುತ್ತಿತ್ತು. ಈಗ ಗುಡ್ಡೆ ಕಡಿದ ಕೆಂಪು ಮಣ್ಣನ್ನು ಹೊತ್ತ ಲಾರಿ ಬೈಲಿಗೆ ಬಂದು ಗದ್ದೆ ತುಂಬಿಸುತ್ತದೆ. ಒಂದೇ ಲೋಡ್ ಮಣ್ಣಿನಿಂದ ಎರಡು ಕಡೆ ಹಾನಿ. ಮೇಲೆ ನೀರು ಇಂಗುವ ನೆಲ ಹೋಯಿತು, ಕೆಳಗೆ ನೀರು ನಿಲ್ಲುವ ನೆಲ ಹೋಯಿತು. ಈ ನಗರದ ನೆರೆಯ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಮಣ್ಣಿನ ಲಾರಿ.

ಸಾಲದ್ದಕ್ಕೆ ಸಮುದ್ರವಿದೆ. ಎರಡೂ ನದಿಗಳು ಹಳೆ ಬಂದರಿನ ಆಚೆ ಬೆಂಗರೆಯ ಬಳಿ ಕಡಲು ಸೇರುತ್ತವೆ. ಕಡಲಿನಲ್ಲಿ ಉಬ್ಬರವಿದ್ದಾಗ ನದಿಯ ನೀರೇ ಏರಿರುತ್ತದೆ, ತಗ್ಗಿನ ಕಾಲುವೆಗಳ ಬಾಯಿ ಮುಚ್ಚಿದಂತಾಗುತ್ತದೆ. ಅದೇ ಹೊತ್ತಿಗೆ ದೊಡ್ಡ ಮಳೆ ಬಂದರೆ ಎಷ್ಟೇ ಅಗಲದ ಕಾಲುವೆಯೂ ಬೇಗ ಖಾಲಿಯಾಗದು. ಇಳಿತ ಬರುವ ತನಕ ಕಾಯಬೇಕು. ಹಾಗೆ ಕಾಯುವ ನೀರು ಎಲ್ಲಿರಬೇಕು ಎಂಬುದನ್ನು ಮೊದಲೇ ಯೋಚಿಸಿಡದಿದ್ದರೆ ಅದು ತಗ್ಗಿನವರ ಅಡುಗೆಮನೆಯಲ್ಲಿ ಕಾಯುತ್ತದೆ.

ಮನೆಯವರು ಏನು ಮಾಡಬಹುದು ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಇಂಗುಗುಂಡಿ. ಇಲ್ಲೇ ಎಚ್ಚರ ಬೇಕು. ಮಂಗಳೂರಿನಲ್ಲಿ ಆ ಉತ್ತರ ಒಂದು ಕಡೆ ಸರಿ, ಇನ್ನೊಂದು ಕಡೆ ವ್ಯರ್ಥ, ಮತ್ತೊಂದು ಕಡೆ ಪ್ರಾಣಕ್ಕೇ ಅಪಾಯ. ನಿಮ್ಮ ಮನೆ ಪದವಿನಲ್ಲಿದೆಯೋ, ಇಳಿಜಾರಿನಲ್ಲಿದೆಯೋ, ಬೈಲಿನಲ್ಲಿದೆಯೋ ಎಂಬುದು ಮೊದಲು ತಿಳಿಯಬೇಕು.

ನಮ್ಮ ಕಾಲಡಿಯ ನೆಲ ಮುರಕಲ್ಲಿನದು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕನನ್ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನ ಅಂಗಡಿಪುರದಲ್ಲಿ ಕಂಡ ಇಂಥದೇ ಕಲ್ಲಿಗೆ. ತೂತು ತೂತಾದ ಕಲ್ಲು, ನೀರು ಸಲೀಸಾಗಿ ಇಳಿಯುತ್ತದೆ. ಆದರೆ ಅದರ ಕೆಳಗೆ ಹಲವು ಕಡೆ ಶೇಡಿ ಮಣ್ಣಿನ ಪದರವಿದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಒಣಗಿದ್ದಾಗ ಗುದ್ದಲಿಗೂ ಬಗ್ಗದಷ್ಟು ಗಟ್ಟಿ. ನೀರು ಕುಡಿಯಿತೆಂದರೆ ತನ್ನ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಮೇಲಿನ ಮುರಕಲ್ಲು ಇರುವ ತನಕ ಶೇಡಿಗೆ ರಕ್ಷಣೆ. ಗುಡ್ಡೆಯನ್ನು ನೆಟ್ಟಗೆ ಕಡಿದಾಗ ಶೇಡಿಯ ಪದರ ಬಯಲಾಗುತ್ತದೆ.

ಪದವಿನ ಮೇಲೆ, ಸಮತಟ್ಟು ಜಾಗದಲ್ಲಿ, ಅಂಚಿನಿಂದ ದೂರ ಮನೆ ಇದ್ದವರು ಧಾರಾಳವಾಗಿ ಇಂಗಿಸಬಹುದು. ಗುಂಡಿ ತೋಡಿ ಜಲ್ಲಿ ತುಂಬಿಸುವ ಮೊದಲು ಒಂದು ಲೆಕ್ಕ ನೆನಪಿರಲಿ. ಒಂದು ಮೀಟರ್ ಉದ್ದ, ಅಗಲ, ಆಳದ ಖಾಲಿ ಗುಂಡಿ ಸಾವಿರ ಲೀಟರ್ ಹಿಡಿಯುತ್ತದೆ, ಜಲ್ಲಿ ತುಂಬಿದ್ದು ಸುಮಾರು 400 ಲೀಟರ್ ಮಾತ್ರ. ಇಪ್ಪತ್ತು ಸಾವಿರ ಲೀಟರಿನೆದುರು ಅದೆಷ್ಟು ಸಣ್ಣದು! ಅದಕ್ಕಿಂತ ತಗ್ಗಿಸಿದ ತೋಟ ಲೇಸು. ಅಂಗಳದ ಎರಡು ಸೆಂಟ್ಸ್ ಜಾಗಕ್ಕೆ ಇಂಟರ್‌ಲಾಕ್ ಹಾಕದೆ, ಸುತ್ತಲ ನೆಲಕ್ಕಿಂತ ಎರಡೇ ಇಂಚು ತಗ್ಗಿಸಿ, ಮಾಡಿನ ನೀರನ್ನು ಅಲ್ಲಿಗೆ ಬಿಟ್ಟರೆ 4 ಸಾವಿರ ಲೀಟರ್ ನಿಲ್ಲುತ್ತದೆ, ಇಂಗುವುದು ಬೇರೆ. ಕೆಸು, ಕಾಬಾಳೆ, ಒಂದೆಲಗ, ಬಾಳೆ ಇವೆಲ್ಲ ಅಂಥ ಜಾಗದಲ್ಲಿ ಚೆನ್ನಾಗಿ ಬರುತ್ತವೆ. ಆಟಿಯ ಪತ್ರೊಡೆಗೆ ಎಲೆಯೂ ಆಯಿತು.

ಇದರ ಜೊತೆಗೆ 5 ಸಾವಿರ ಲೀಟರಿನ ಒಂದು ಟ್ಯಾಂಕ್. ಮಳೆಕೊಯ್ಲಿನ ಟ್ಯಾಂಕನ್ನು ನಮ್ಮಲ್ಲಿ ತುಂಬಿಸಿಡಲು ಮಾತ್ರ ಬಳಸುತ್ತಾರೆ. ಜೂನ್ ಮೊದಲ ವಾರದಲ್ಲಿ ತುಂಬಿದ ಟ್ಯಾಂಕ್ ಜುಲೈಯ ದೊಡ್ಡ ಮಳೆಗೆ ಏನೂ ಉಪಕಾರ ಮಾಡದು, ಬಂದದ್ದೆಲ್ಲ ಹೊರಗೇ ಚೆಲ್ಲುತ್ತದೆ. ಅದರ ಬುಡಕ್ಕೊಂದು ಅರ್ಧ ಇಂಚಿನ ನಲ್ಲಿ ಇಟ್ಟು ಜೂನ್‌ನಿಂದ ಆಗಸ್ಟ್‌ವರೆಗೆ ತೆರೆದೇ ಬಿಡಿ. ಮಳೆ ಜೋರಾದಾಗ ಟ್ಯಾಂಕ್ ತುಂಬುತ್ತದೆ, ನಾಲ್ಕೈದು ಗಂಟೆಯಲ್ಲಿ ತೆಳ್ಳಗೆ ಹರಿದು ಖಾಲಿಯಾಗುತ್ತದೆ, ಮುಂದಿನ ಮಳೆಗೆ ಸಿದ್ಧವಾಗಿರುತ್ತದೆ. ಸೆಪ್ಟೆಂಬರ್ ಕೊನೆಗೆ ನಲ್ಲಿ ಮುಚ್ಚಿದರೆ ಹಿಂಗಾರಿನ ಮಳೆ ತುಂಬಿ ಬೇಸಿಗೆಗೆ ಒದಗುತ್ತದೆ. ಟ್ಯಾಂಕ್, ತಗ್ಗಿಸಿದ ತೋಟ ಎರಡೂ ಸೇರಿ 9 ಸಾವಿರ ಲೀಟರ್. ಹತ್ತು ಸೆಂಟ್ಸಿನ ಮನೆಯಿಂದ ಹೊರಗೋಡುವ 18 ಸಾವಿರದಲ್ಲಿ ಸರಿಯಾಗಿ ಅರ್ಧ.

ಇಳಿಜಾರಿನ ಮನೆಗಳ ವಿಷಯ ಬೇರೆ. ಇಲ್ಲಿ ನಾನು ಬಿಡಿಸಿ ಹೇಳಲೇಬೇಕು. 2020ರ ಜುಲೈ 5ರಂದು ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ಸತ್ತರು. 2024ರ ಜೂನ್ 26ರಂದು, ನಗರಕ್ಕೆ ತಾಗಿದ ಉಳ್ಳಾಲ ತಾಲ್ಲೂಕಿನ ಕುತ್ತಾರು ಮದನಿನಗರದಲ್ಲಿ ಪಕ್ಕದ ಜಾಗದ ಆವರಣಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಹೋದರು. ಮರುವರ್ಷ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ತೀರಿಕೊಂಡರು. ಈ ಜಿಲ್ಲೆಯಲ್ಲಿ ಮಳೆನೀರು ಎಂದರೆ ಬರೀ ರಸ್ತೆಯಲ್ಲಿ ನಿಲ್ಲುವ ನೀರಲ್ಲ.

ಗೋಡೆಯ ಹಿಂದೆ ನೀರು ನಿಂತರೆ ಏನಾಗುತ್ತದೆ ಎಂದು ನೋಡಿ. ಎರಡು ಮೀಟರ್, ಅಂದರೆ ಆರೂವರೆ ಅಡಿ ಎತ್ತರದ ಗೋಡೆಯ ಹಿಂದಿನ ಮಣ್ಣಿನಲ್ಲಿ ನೀರು ಮೇಲಿನ ತನಕ ತುಂಬಿತೆಂದರೆ ಆ ಗೋಡೆಯ ಒಂದೊಂದು ಮೀಟರ್ ಉದ್ದವನ್ನೂ ನೀರೊಂದೇ ಸುಮಾರು 2 ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ಒತ್ತಡ ಅದರ ಮೇಲೆ ಬೇರೆ. ಎತ್ತರ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಬರಿಯ ಗಡಿ ಗುರುತಿಗೆಂದು ಕಟ್ಟಿದ ಒಂದು ಕಲ್ಲಿನ ದಪ್ಪದ ಆವರಣಗೋಡೆಗೆ ಒಳಗಿನಿಂದ ಮಣ್ಣು ತುಂಬಿಸಿ ಅಂಗಳ ಎತ್ತರಿಸುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಅಂಥ ಗೋಡೆಗೆ ಈ ಭಾರ ತಡೆಯುವ ಶಕ್ತಿ ಇರುವುದಿಲ್ಲ. ತಡೆಗೋಡೆಯನ್ನು ತಡೆಗೋಡೆಯೆಂದೇ ಲೆಕ್ಕ ಹಾಕಿಸಿ ಕಟ್ಟಬೇಕು. ಅದರ ಬೆನ್ನಿಗೆ ಜಲ್ಲಿಯ ಪದರ ಬೇಕು. ಒಂದೂವರೆ, ಎರಡು ಮೀಟರಿಗೊಂದರಂತೆ ಪೈಪಿನ ತುಂಡಿಟ್ಟು ನೀರು ಹೊರಬರುವ ತೂತು ಬಿಡಬೇಕು. ಆ ತೂತುಗಳಿಂದ ಮಳೆಗಾಲದಲ್ಲಿ ನೀರು ಸೋರುತ್ತಿದ್ದರೆ ಗೋಡೆ ಆರೋಗ್ಯವಾಗಿದೆ ಎಂದರ್ಥ. ನೋಡಲು ಚೆನ್ನಾಗಿಲ್ಲವೆಂದು ಸಿಮೆಂಟು ಮೆತ್ತಿ ಮುಚ್ಚಿಸಿದವರಿದ್ದರೆ ಇವತ್ತೇ ತೆಗೆಸಲಿ.

ಆದ್ದರಿಂದ ಕಡಿದ ಗುಡ್ಡದ ನೆತ್ತಿಯಲ್ಲಾಗಲಿ, ತಡೆಗೋಡೆಯ ಹಿಂದಾಗಲಿ ಇಂಗುಗುಂಡಿ ತೋಡಲೇಬಾರದು. ಅಲ್ಲಿ ಮಾಡಬೇಕಾದ್ದು ಇದರ ತದ್ವಿರುದ್ಧ. ಮೇಲಿನಿಂದ ಬರುವ ನೀರನ್ನು ಕಡಿದ ಅಂಚಿಗೆ ಬರುವ ಮೊದಲೇ ಅಡ್ಡ ಚರಂಡಿಯಲ್ಲಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಲುವೆಯಲ್ಲಿ ವೇಗ ಮುರಿಯುತ್ತ ಕೆಳಗಿಳಿಸಬೇಕು. ಬರಿದಾದ ಇಳಿಜಾರಿಗೆ ಲಾವಂಚ ನೆಡಬಹುದು, ಅದರ ಬೇರು ನೆಟ್ಟಗೆ ಆಳಕ್ಕಿಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ. ಆದರೆ ಇಪ್ಪತ್ತಡಿ ನೆಟ್ಟಗೆ ಕಡಿದ ಶೇಡಿಯನ್ನು ಯಾವ ಹುಲ್ಲೂ ಹಿಡಿದು ನಿಲ್ಲಿಸದು. ರಾಷ್ಟ್ರೀಯ ಹೆದ್ದಾರಿ 169ರ ಅಗಲೀಕರಣಕ್ಕೆ ಕಡಿದ ವಾಮಂಜೂರಿನ ಕೆತ್ತಿಕಲ್ ಗುಡ್ಡ 2024ರಲ್ಲಿ ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಮೇಲಿನ ಮನೆಯವರು ಬಿಡಬೇಕಾದ ನೀರು, ಕೆಳಗಿನ ಮನೆಯವರ ಸುರಕ್ಷತೆ, ಇವೆರಡೂ ಒಂದೇ ವಿಷಯ. ಇಬ್ಬರೂ ಕುಳಿತು ಮಾತಾಡಿ ಚರಂಡಿಗೆ ದಾರಿ ಬಿಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ, ಜೀವ ಉಳಿಯುತ್ತದೆ.

ಬೈಲಿನಲ್ಲಿ ಮನೆ ಕಟ್ಟಿದವರಿಗೆ ಇಂಗುಗುಂಡಿಯಿಂದ ಪ್ರಯೋಜನವಿಲ್ಲ. ಜುಲೈಯಲ್ಲಿ ಅಲ್ಲಿ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಬಂದಿರುತ್ತದೆ, ಗುಂಡಿ ತೋಡಿದರೆ ಕೆಳಗಿನಿಂದಲೇ ತುಂಬುತ್ತದೆ. ಅವರಿಗಿರುವುದು ನೆಲದ ಮೇಲಿನ ಟ್ಯಾಂಕ್ ಮತ್ತು ತೋಡು. ಹಲವರು ಸುಲಭದ ದಾರಿಯೆಂದು ಮಾಡಿನ ನೀರನ್ನು ಒಳಚರಂಡಿಯ ಚೇಂಬರಿಗೆ ಬಿಡುತ್ತಾರೆ. ಬೈಲಿನವರು ಮಾತ್ರವಲ್ಲ, ನಗರದುದ್ದಕ್ಕೂ ಈ ರೂಢಿಯಿದೆ. ಒಳಚರಂಡಿಯ ಪೈಪು ಮನೆಯ ಕೊಳಚೆಗೆಂದು ಅಳೆದು ಹಾಕಿದ್ದು. ಒಂದು ಕುಟುಂಬ ದಿನವಿಡೀ ಬಿಡುವ ಕೊಳಚೆ ಐದಾರು ನೂರು ಲೀಟರ್ ಇರಬಹುದು. ಸಾವಿರ ಚದರಡಿ ತಾರಸಿಯಿಂದ ಗಂಟೆಯೊಳಗೆ ನಾಲ್ಕೂವರೆ ಸಾವಿರ ಲೀಟರ್ ಬಂದರೆ ಮ್ಯಾನ್‌ಹೋಲಿನ ಮುಚ್ಚಳ ಎದ್ದು, ಕೊಳಚೆಯೆಲ್ಲ ರಸ್ತೆಗೆ, ತೋಡಿಗೆ, ಕೊನೆಗೆ ನೆರೆಯವರ ಬಾವಿಗೆ. ಗುಜ್ಜರಕೆರೆಯ ಸುತ್ತಲಿನವರು ಕೆರೆಗೆ ಕೊಳಚೆ ಸೇರುವುದರ ಬಗ್ಗೆ ವರ್ಷಗಟ್ಟಲೆ ದೂರುತ್ತ ಬಂದದ್ದು ಸುಮ್ಮನೆ ಅಲ್ಲ.

ನೀರನ್ನು ತಡೆಹಿಡಿಯುವುದು ಕರಾವಳಿಗೆ ಹೊಸ ವಿದ್ಯೆಯೇನಲ್ಲ. ಗುಡ್ಡದ ತಗ್ಗಿನಲ್ಲಿ ಒಂದು ಬದಿಗೆ ಏರಿ ಕಟ್ಟಿ ಮಳೆನೀರು ನಿಲ್ಲಿಸುವ ಮದಕಗಳು ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಎಷ್ಟೋ ಇದ್ದವು. ಅವುಗಳ ಕೆಳಗಿನ ಬಾವಿ, ತೋಟಗಳು ಬೇಸಿಗೆಯಲ್ಲೂ ಹಸಿಯಾಗಿರುತ್ತಿದ್ದವು. ಇಂಥ ಮದಕ, ತೋಡಿಗೆ ಅಡ್ಡ ಹಾಕುವ ಕಟ್ಟ, ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ಬಗ್ಗೆ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. 2016ರ ಬೇಸಿಗೆಯಲ್ಲಿ ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟು ತಳ ಕಂಡು, ಇಲ್ಲಿ ನೀರಿಗೆ ಹಾಹಾಕಾರವೆದ್ದಾಗ ಹಲವರಿಗೆ ಅವರ ಮಾತು ನೆನಪಾಯಿತು. ಆದರೆ ಬಾವಿಗೆ ಮರುಪೂರಣ ಮಾಡುವವರು ಮುರಕಲ್ಲಿನ ಗುಣ ತಿಳಿದಿರಬೇಕು. ನೀರನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವ ಕಲ್ಲು ಅಷ್ಟೇ ಸಲೀಸಾಗಿ ಬದಿಗೆ ಹರಿಯಬಿಡುತ್ತದೆ. ಜೂನ್‌ನಲ್ಲಿ ಇಂಗಿಸಿದ್ದರಲ್ಲಿ ಹೆಚ್ಚಿನದು ತೋಡು, ನದಿ ಸೇರಿಬಿಡುತ್ತದೆ. ಏಪ್ರಿಲ್‌ಗೆ ಉಳಿಯುವ ಸಾಧ್ಯತೆ ಹೆಚ್ಚಿರುವುದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನ ನೀರು. ಮಳೆಗಾಲ ಮುಗಿಯಿತೆಂದು ಫಿಲ್ಟರ್ ಬಿಚ್ಚಿಡುವವರು ಅತ್ಯಂತ ಬೆಲೆಯುಳ್ಳ ಮಳೆಯನ್ನೇ ಬಿಟ್ಟುಬಿಡುತ್ತಾರೆ.

ಸೊಳ್ಳೆಯನ್ನು ಮರೆಯುವ ಹಾಗಿಲ್ಲ. ಮಲೇರಿಯಾ ಈ ನಗರವನ್ನು ಬಹುಕಾಲ ಕಾಡಿದೆ, 2019ರಲ್ಲಿ ಡೆಂಗಿ ಊರನ್ನೇ ನಡುಗಿಸಿತು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಹಾಗಾಗಿ ತಗ್ಗಿಸಿದ ತೋಟದ ನೀರು ಮಳೆ ನಿಂತ ಎರಡು ದಿನದೊಳಗೆ ಇಂಗಿ ಹೋಗಬೇಕು. ಹೋಗದಿದ್ದರೆ ತಗ್ಗು ಹೆಚ್ಚಾಯಿತೆಂದು ತಿಳಿದು ಮಣ್ಣು ಸ್ವಲ್ಪ ಏರಿಸಬೇಕು. ಟ್ಯಾಂಕಿನ ಬಾಯಿಗೆ ಬಲೆ ಕಟ್ಟಬೇಕು.

ಇಷ್ಟೆಲ್ಲ ಮನೆಯವರಿಗೆ ಹೇಳಿ ಪಾಲಿಕೆಯನ್ನೂ ಬಿಲ್ಡರುಗಳನ್ನೂ ಬಿಟ್ಟುಬಿಡುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆಕೊಯ್ಲು ಕಡ್ಡಾಯ ಮಾಡಿದರು. ಅದು ನೀರಿನ ಕೊರತೆಯನ್ನು ಮುಂದಿಟ್ಟುಕೊಂಡ ನಿಯಮ. ಮಂಗಳೂರಿಗೆ ಬೇಕಾದ್ದು ನೆರೆಯನ್ನು ಮುಂದಿಟ್ಟುಕೊಂಡದ್ದು. ಸಿಂಗಪುರದಲ್ಲಿ 2014ರಿಂದ 0.2 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 50 ಸೆಂಟ್ಸ್, ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟಡ ಕಟ್ಟುವವರು ಮಳೆನೀರನ್ನು ತಮ್ಮ ಜಾಗದೊಳಗೇ ತಡೆದು ನಿಧಾನವಾಗಿ ಬಿಡುವ ವ್ಯವಸ್ಥೆ ಮಾಡಲೇಬೇಕು. ಜರ್ಮನಿಯ ಅನೇಕ ನಗರಗಳಲ್ಲಿ ಚರಂಡಿಗೆ ಹೋಗುವ ಮಳೆನೀರಿಗೆ ಶುಲ್ಕವಿದೆ. ಎಷ್ಟು ಚದರ ಮೀಟರ್ ನೆಲಕ್ಕೆ ಕಾಂಕ್ರೀಟ್ ಹಾಕಿದ್ದೀರೋ ಅಷ್ಟಕ್ಕೆ ಕೊಡಬೇಕು, ಮಣ್ಣಾಗಿ ಉಳಿಸಿಕೊಂಡ ನೆಲಕ್ಕೆ ಇಲ್ಲ. ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಿಂದ ಪಂಪಿನಲ್ಲಿ ಎತ್ತಿ ರಸ್ತೆಗೆ ಸುರಿಯುವ ನೀರನ್ನು ನೋಡಿದಾಗೆಲ್ಲ ಇಂಥ ನಿಯಮ ಇಲ್ಲಿಗೇ ಮೊದಲು ಬರಬೇಕಿತ್ತು ಅನ್ನಿಸುತ್ತದೆ. ರಸ್ತೆಗೆ ಕಾಂಕ್ರೀಟ್ ಹಾಕುವಾಗ ಹಳೆಯದರ ಮೇಲೆ ಹೊಸ ಪದರ ಏರಿಸಿ ಹಳೆ ಮನೆಗಳ ಅಂಗಳವನ್ನು ಗುಂಡಿ ಮಾಡುವುದೂ ನಿಲ್ಲಬೇಕು.

ಜಾಗ ಕೊಳ್ಳಲು ಹೊರಟವರಿಗೆ ಒಂದು ಮಾತು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಕಂದಾಯ ದಾಖಲೆಗಳಲ್ಲಿ ತೋಡಿನ ಜಾಗ ಪರಂಬೋಕು, ಅಂದರೆ ಸರ್ಕಾರಿ ಜಾಗ, ಎಂದು ನಮೂದಾಗಿರುತ್ತದೆ. ಸರ್ವೆ ನಕ್ಷೆ ತೆಗೆಸಿ ಆ ತೋಡು ಎಲ್ಲಿ ಹರಿಯುತ್ತಿತ್ತು, ಈಗ ಅದರ ಮೇಲೆ ಏನಿದೆ ಎಂದು ಜಾಗದಲ್ಲಿ ನಿಂತು ತಾಳೆ ನೋಡಿ. ಹೆಚ್ಚಿನವರು ಜಾಗ ನೋಡುವುದು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ, ನೆಲ ಒಣಗಿದ್ದಾಗ. ಅಡ್ವಾನ್ಸ್ ಕೊಡುವ ಮೊದಲು ಜುಲೈಯ ಒಂದು ಜೋರು ಮಳೆಯ ಹೊತ್ತಿಗೆ ಕೊಡೆ ಹಿಡಿದು ಅಲ್ಲಿಗೆ ಹೋಗಿ. ಮೇಲಿನಿಂದ ನೀರು ಎಲ್ಲಿ ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ, ಪಕ್ಕದ ಗೋಡೆಯ ತೂತುಗಳು ಸೋರುತ್ತಿವೆಯೋ ಇಲ್ಲವೋ ನೋಡಿ. ಕೆಳಗಿನ ಮನೆಯ ಹಿರಿಯರನ್ನು ಮಾತಾಡಿಸಿ, 2018ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತೆಂದು ಕೇಳಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುವವರು ಇನ್ನೂ ಅಲ್ಲೇ ಇದ್ದಾರೆ.